ಉಸಿರಿಗೆ ಎರಡಿಂಚು

ನನ್ನ ಅಳತೆ ಪುಸ್ತಕದಲ್ಲಿ ಎದೆಸುತ್ತಿಗೆ ಎಲ್ಲರದೂ ಒಂದೊಂದೇ ಅಂಕಿ. ಒಬ್ಬರದು ಮಾತ್ರ ಎರಡು. ಮೂವತ್ತನಾಲ್ಕು, ಅದರ ಪಕ್ಕದಲ್ಲೇ ಮೂವತ್ತಾರು. ಕಳೆದ ವಾರ ಹಳೇ ಪುಸ್ತಕ ತುಂಬಿಹೋಗಿ, ಹೊಸದಕ್ಕೆ ಎಲ್ಲರ ಅಳತೆ ಇಳಿಸಿಕೊಳ್ಳುತ್ತಾ ಕೂತಿದ್ದೆ. ದಪ್ಪಗಾದವರದು ತಿದ್ದಿದೆ, ಬೇರೆ ಕಡೆ ಮನೆ ಮಾಡಿಕೊಂಡು ಹೋದವರದು ಬಿಟ್ಟೆ. ಈ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ಆ ಎರಡು ಅಂಕಿಯ ಒಡತಿ ತೀರಿಕೊಂಡು ಆರು ತಿಂಗಳಾಯಿತು.

ಚಾಮರಾಜಪುರಂನಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಅಂಗಡಿ ಅಂದರೆ ಏನು ಮಹಾ, ಒಂದು ಮಿಷನ್ನು, ಒಂದು ಕನ್ನಡಿ, ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕಾದ ಒಂದು ಬೆಂಚು. ಹದಿನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು. ಎತ್ತರದ ಹೆಂಗಸು. ಮನೆ ಎರಡು ರಸ್ತೆ ಆಚೆ. ಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದರು. ಬೀದಿಯವರೆಲ್ಲ ಟೀಚರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ, ಕೊನೆತನಕ ಹಾಗೇ ಕರೆದೆ.

ಟೇಪು ಸುತ್ತಿ, "ಉಸಿರು ಬಿಡಿ ಟೀಚರಮ್ಮ" ಅಂದೆ. ಎಲ್ಲರಿಗೂ ಹೇಳುವ ಮಾತು.

ಅವರು ಬಿಡಲಿಲ್ಲ. "ಬಿಟ್ಟಾಗ ಅಳೀತೀಯಲ್ಲಮ್ಮ, ತಗೊಂಡಾಗ ನಾನು ಎಲ್ಲಿಗೆ ಹೋಗ್ಲಿ?" ಅಂದರು. ಆಮೇಲೆ ನಿಧಾನವಾಗಿ ಒಂದು ಉಸಿರು ಎಳೆದುಕೊಂಡರು. ಟೇಪು ನನ್ನ ಬೆರಳಿಂದ ಜಾರಿ ಜಾರಿ ಎರಡಿಂಚು ಮುಂದೆ ಹೋಯಿತು. ಅಷ್ಟು ಉಸಿರು ಒಬ್ಬ ಮನುಷ್ಯರ ಒಳಗೆ ಹಿಡಿಯುತ್ತದೆ ಅಂತ ನನಗೆ ಅದುವರೆಗೆ ಗೊತ್ತಿರಲಿಲ್ಲ.

"ಆ ಎರಡಿಂಚೇ ನನ್ನ ಹೊಟ್ಟೆಪಾಡು ಕಣಮ್ಮ. ಅದನ್ನ ಹೊಲಿದು ಮುಚ್ಚಬೇಡ."

ಬ್ಲೌಸು ಹಾಕಿ ನೋಡಲು ಬಂದ ದಿನ, ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಬೆನ್ನ ಹಿಂದೆ ನಿಂತು ಬ್ಲೌಸಿನ ತೋಳಿನ ಸಡಿಲ ಹಿಡಿಯುತ್ತಿದ್ದೆ. ಕೆಲಸ ಮಾಡುವಾಗ ಮೂಗಿನಲ್ಲೇ ಏನಾದರೂ ಗುನುಗುವುದು ನನ್ನ ಅಭ್ಯಾಸ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದರು: "ಯಾರು ಹಾಡ್ತಿರೋದು?"

ಸೂಜಿ ತೆಗೆದು, "ಯಾರೂ ಇಲ್ಲ, ನಾನೇಯ, ಅಂಗೇ ಸುಮ್ಮನೆ" ಅಂದೆ.

"ಬಾಯಿ ತುಂಬ ಸೂಜಿ ಇಟ್ಕೊಂಡು ಇಷ್ಟು ಶ್ರುತಿಯಲ್ಲಿರೋಳು, ಬಾಯಿ ತೆಗೆದರೆ ಹೆಂಗಿರಬೇಡ! ಮೇ ತಿಂಗಳಲ್ಲಿ ಹತ್ತು ದಿನ ಅಂಗಡಿಗೆ ಬೀಗ ಹಾಕು. ನನ್ನ ಹಾಡಿನ ಶಿಬಿರಕ್ಕೆ ಬಾ."

ನಾನು ನಕ್ಕುಬಿಟ್ಟೆ. ನಗುವುದಕ್ಕೆ ಕಾರಣ ಇತ್ತು. ಇಲವಾಲದಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರು ನಮ್ಮದು. ಅಜ್ಜ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು, ಅವರ ಮಾತೇ ನನ್ನ ಮಾತು. ನಮ್ಮ ಮನೆಯಲ್ಲಿ 'ಹ' ಅನ್ನುವ ಅಕ್ಷರವೇ ಇರಲಿಲ್ಲ. ಹಾಲು ಆಲಾಗಿತ್ತು, ಹಬ್ಬ ಅಬ್ಬವಾಗಿತ್ತು. ಅದರಿಂದ ಆಲೇನೂ ಕೆಡಲಿಲ್ಲ, ಅಬ್ಬವೇನೂ ನಿಲ್ಲಲಿಲ್ಲ. ಆದರೆ ಮೈಸೂರಿನ ಸ್ಕೂಲಿಗೆ ಸೇರಿದ ಮೇಲೆ ಪ್ರಾರ್ಥನೆಯ ಸಾಲಿನಲ್ಲಿ ನಿಂತು ನಾನು ಹಾಡಿದಾಗ ಹಿಂದಿನ ಹುಡುಗಿಯರು ಕಿಸಕ್ಕೆಂದರು. ಮೇಷ್ಟ್ರು ಬಂದು ನನ್ನ ಭುಜ ತಟ್ಟಿ, ಬೈಯದೆ, ಮೆತ್ತಗೆ ಹೇಳಿದರು: "ನೀನು ತುಟಿ ಆಡಿಸು ಸಾಕು. ಸದ್ದು ಬೇಡ." ಅಲ್ಲಿಂದ ಮೂವತ್ತು ವರ್ಷ ನಾನು ತುಟಿ ಆಡಿಸಿದೆ. ಸ್ಕೂಲಲ್ಲಿ, ಮದುವೆಮನೆಯಲ್ಲಿ, ದೇವರ ಮುಂದೆ ಕೂಡ.

ಇದನ್ನು ಹೇಳಿದಾಗ ಟೀಚರಮ್ಮ ನಗಲಿಲ್ಲ, ಅಯ್ಯೋ ಪಾಪ ಅನ್ನಲೂ ಇಲ್ಲ. "ನನ್ನ ಶಿಬಿರದಲ್ಲಿ ಅದೊಂದು ನಡೆಯಲ್ಲ. ತುಟಿ ಆಡಿಸೋರು ಸಿನಿಮಾಕ್ಕೆ ಹೋಗಬೇಕು" ಅಂದರು.

ಹಾಗೆ ನಾನು ಹೋದೆ. ಹುಣಸೂರು ರಸ್ತೆಯಲ್ಲಿ ಇಲವಾಲ ದಾಟಿದರೆ ಒಂದು ಹಾಸ್ಟೆಲು. ಬೇಸಿಗೆ ರಜೆಯಲ್ಲಿ ಮಕ್ಕಳು ಊರಿಗೆ ಹೋಗಿ ಖಾಲಿ ಬಿದ್ದಿರುತ್ತಿತ್ತು. ಅಲ್ಲೇ ಹತ್ತು ದಿನ ನಲವತ್ತು ಜನ ಉಂಡು ಮಲಗಿ ಎದ್ದು ಹಾಡುವುದು. ಬ್ಯಾಂಕಿನಿಂದ ನಿವೃತ್ತರಾದವರು, ಮೆಡಿಕಲ್ ಸ್ಟೋರಿನವರು, ಕಾಲೇಜು ಹುಡುಗಿಯರು, ಮೊಮ್ಮಕ್ಕಳನ್ನು ಸೊಸೆಗೆ ಒಪ್ಪಿಸಿ ಬಂದ ಅಜ್ಜಿಯರು. ಒಂದು ವರ್ಷ ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ಒಬ್ಬಳು ಫಾರಿನ್ ಹೆಂಗಸೂ ಬಂದಿದ್ದಳು. ಒಬ್ಬರೇ ಕೂತು ಹಾಡುವ ಸಂಗೀತ ಮೈಸೂರಿನಲ್ಲಿ ಬೇಕಾದಷ್ಟಿದೆ. ಎಲ್ಲರೂ ನಿಂತು, ಕೆಲವರು ಮೇಲಿನ ಸ್ವರ ಕೆಲವರು ಕೆಳಗಿನ ಸ್ವರ ಹಿಡಿದು, ಕೊನೆಗೆ ಒಂದೇ ಹಾಡಾಗುವ ಈ ಹುಚ್ಚು ಟೀಚರಮ್ಮನಿಗೆ ಅವರ ತಾತನಿಂದ ಬಂದದ್ದು. ತಾತ ಅರಮನೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರಂತೆ. "ತಾತ ಮನೇಲಿ ಅಭ್ಯಾಸ ಮಾಡೋರು. ಅವರೊಬ್ಬರದೇ ಭಾಗ. ನಡುನಡುವೆ ಸುಮ್ಮನಾಗಿ ಬೆರಳಲ್ಲಿ ಎಣಿಸ್ತಾ ಕೂರೋರು. ಯಾಕೆ ತಾತ ನಿಲ್ಲಿಸಿದ್ರಿ ಅಂದ್ರೆ, ನಿಲ್ಲಿಸಿಲ್ಲ ಕಣೇ, ಈಗ ಬೇರೆಯವರು ಊದ್ತಿದಾರೆ ಅನ್ನೋರು" ಅಂತ ಹೇಳುತ್ತಿದ್ದರು.

ಶಿಬಿರ ನಡೆಸುವವರು ಇಬ್ಬರು. ಹಾಡಿಸುವುದು ಟೀಚರಮ್ಮ, ಮಿಕ್ಕಿದ್ದೆಲ್ಲ ಗಂಟೆ ಮಾವ. ಆ ಹಾಸ್ಟೆಲಿನ ಅಡುಗೆಮನೆಯನ್ನು ವರ್ಷಗಟ್ಟಲೆ ನೋಡಿಕೊಂಡ ಇಲವಾಲದ ಕಡೆಯ ರೈತರು ಅವರು. ಹಾಸಿಗೆ, ಸ್ನಾನದ ಬಿಸಿನೀರು, ಕಾಫಿ, ಮುದ್ದೆ, ಸಾರು ಎಲ್ಲ ಅವರ ಜವಾಬ್ದಾರಿ. ಮಾವಿನಮರಕ್ಕೆ ಕಟ್ಟಿದ ಒಂದು ಕಬ್ಬಿಣದ ತುಂಡನ್ನು ಬಡಿದು ನಮ್ಮನ್ನು ಎಬ್ಬಿಸುವುದೂ ಅವರೇ, ಅದಕ್ಕೇ ನಮಗೆಲ್ಲ ಗಂಟೆ ಮಾವ. ಟೀಚರಮ್ಮ ಮಾತ್ರ "ಗೌಡ್ರೇ" ಎನ್ನುತ್ತಿದ್ದರು, ಅವರು ಇವರನ್ನು "ಟೀಚ್ರಮ್ಮೋರೇ". ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಮಾವನಿಗೆ ಶ್ರುತಿಯ ಗಂಧವೇ ಇಲ್ಲ. ಹಾರ್ಮೋನಿಯಂ ಬಾರಿಸಿದರೂ ಪಾತ್ರೆ ಬಿದ್ದರೂ ಅವರಿಗೆ ಒಂದೇ.

ಮೊದಲನೇ ದಿನ ಟೀಚರಮ್ಮ ನಮಗೆ ಹಾಡು ಕಲಿಸಲೇ ಇಲ್ಲ. ಉಸಿರು ಕಲಿಸಿದರು. ಇಬ್ಬಿಬ್ಬರನ್ನು ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಲ್ಲಿಸಿ, "ಇವರು ನಿಮ್ಮ ಉಸಿರಿನ ಜೋಡಿ" ಅಂದರು. "ಉದ್ದ ಸ್ವರ ಒಬ್ಬರ ಕೈಲಿ ಆಗಲ್ಲ. ಮಧ್ಯೆ ಉಸಿರು ಬೇಕು. ನಿಮಗೆ ಬೇಕಾದಾಗ ಪಕ್ಕದವರ ಮೊಣಕೈ ಮುಟ್ಟಿ. ನಾನು ಬಿಡ್ತಿದೀನಿ, ನೀನು ಹಿಡ್ಕೋ ಅಂತ ಅರ್ಥ. ಅವರು ಹಾಡ್ತಿರ್ತಾರೆ, ನೀವು ಉಸಿರು ತಗೊಂಡು ವಾಪಸ್ ಸೇರ್ಕೊಳ್ಳಿ. ಆಮೇಲೆ ಅವರ ಸರದಿ. ಕೇಳೋರಿಗೆ ಯಾರು ಯಾವಾಗ ನಿಂತರು ಅಂತ ಗೊತ್ತಾಗಬಾರದು. ಹಾಡು ಉಸಿರೇ ತಗೊಳ್ಳಲಿಲ್ಲವೇನೋ ಅನ್ನಿಸಬೇಕು."

ನಾನು ಮೊದಲ ದಿನವೇ ಸಿಕ್ಕಿಬಿದ್ದೆ. ಅವರು ಹಾಡಿಸುತ್ತಾ ಸಾಲುಗಳ ಮಧ್ಯೆ ಓಡಾಡುವರು, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ತರುವರು. ನನ್ನ ಹತ್ತಿರ ಬಂದು ನಿಂತರು. ನಿಂತೇ ಇದ್ದರು. ಆಮೇಲೆ ಕಿವಿಯಲ್ಲಿ ಅಂದರು: "ನಿನ್ನ ಜೋಡಿ ನಿನ್ನನ್ನ ನಂಬಿ ಸ್ವರ ಬಿಡ್ತಿದಾಳೆ ಕಣೇ. ನೀನು ಬರೀ ತುಟಿ ಆಡಿಸಿದರೆ ಆಕೆ ಬಿದ್ದುಹೋಗ್ತಾಳೆ."

ಆ ಒಂದು ಮಾತಿಗೆ ನನ್ನ ಮೂವತ್ತು ವರ್ಷದ ಬಾಯಿ ತೆರೆಯಿತು. ಹಾಡಿದೆ. ಚೆನ್ನಾಗಿ ಹಾಡಿದೆನೋ ಇಲ್ಲವೋ, ಹಾಡಿದೆ.

ಸಾಯಂಕಾಲ ಜಗಲಿಯಲ್ಲಿ ಕಾಫಿ ಕುಡಿಯುವಾಗ ಅವರು ಇನ್ನೊಂದು ಮಾತು ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಉಳಿದುಹೋಯಿತು. "ನಿಮ್ಮನ್ನ ಕಂಡರೆ ನನಗೆ ಹೊಟ್ಟೆಕಿಚ್ಚು ಗೊತ್ತಾ? ಇಷ್ಟು ವರ್ಷ ಎಲ್ಲರಿಗೂ ಜೋಡಿ ಹಾಕಿದೆ. ನಾನು ಮಾತ್ರ ಒಂಟಿ. ಮುಂದೆ ನಿಂತು ಕೈ ಆಡಿಸೋದು. ಒಂದ್ಸಲ ನಾನೂ ಸಾಲಲ್ಲಿ ನಿಂತು, ಯಾರದಾದರೂ ಮೊಣಕೈ ತಾಗಿಸಿಕೊಂಡು ಹಾಡಬೇಕು."

"ನಿಂತ್ಕೊಳ್ಳಿ, ಯಾರು ಬೇಡ ಅಂದೋರು?" ಅಂದೆ.

"ಮುಂದೆ ಯಾರು ನಿಲ್ತಾರೆ, ನಿನ್ನ ಹೊಲಿಗೆ ಮಿಷನ್ನಾ?"

ಇನ್ನು ಅಕ್ಕಿಯ ಕಥೆ ಒಂದಿದೆ. ಟೀಚರಮ್ಮನೇ ಕಟ್ಟಿದ ಒಂದು ಪುಟ್ಟ ಹಾಡಿತ್ತು, ಪ್ರತಿ ವರ್ಷ ಶಿಬಿರದ ಕೊನೆಯ ಸಂಜೆ ಅದರಿಂದಲೇ ಮುಗಿಸುವುದು. ಅದರ ಕೊನೆಯ ಸಾಲು ಇಷ್ಟೇ: 'ಹೊತ್ತಾಯಿತು ಹಕ್ಕಿ, ಹಾರು.' ಆ ಸಾಲನ್ನು ಮತ್ತೆ ಮತ್ತೆ ಹಾಡಬೇಕು, ಕೊನೆಯ 'ಹಾರು'ವನ್ನು ಎಲ್ಲರೂ ಉದ್ದಕ್ಕೆ ಹಿಡಿಯಬೇಕು. ಬಂದವರಲ್ಲಿ ಅರ್ಧಕ್ಕರ್ಧ ಜನ ನಮ್ಮ ಕಡೆಯವರು. ನಲವತ್ತು ಬಾಯಿ ಸೇರಿದರೆ ಇದ್ದಬದ್ದ ಹಕಾರವೂ ಕರಗಿಹೋಗುತ್ತಿತ್ತು.

ನಾನು ಹೋದ ಮೊದಲ ವರ್ಷ, ಶಿಬಿರದ ನಡುವೆ ಒಂದು ದಿನ ಬೆಳಿಗ್ಗೆ ಗಂಟೆ ಮಾವ ಬಂದು, "ರಾತ್ರಿಗೆ ಅಕ್ಕಿ ಎಷ್ಟು ಸೇರು ಆಕ್ಸನ ಟೀಚ್ರಮ್ಮೋರೇ? ಕೆಲವ್ರು ಸಂಜೆ ಊರ್ಗೋಗ್ತೀವಿ ಅಂತಿದ್ರು" ಅಂತ ಕೇಳಿದ್ದರು. "ಆಮೇಲೆ ಹೇಳ್ತೀನಿ ಗೌಡ್ರೇ" ಅಂದವರು ಹಾಡಿನ ಗುಂಗಿನಲ್ಲಿ ಮರೆತರು. ಮಧ್ಯಾಹ್ನವೆಲ್ಲ ಅದೇ ಸಾಲಿನ ಅಭ್ಯಾಸ. ರಾತ್ರಿ ಊಟಕ್ಕೆ ಕೂತರೆ ಅನ್ನದ ಗುಡ್ಡ. ನಾಲ್ಕು ಸೇರು ಸಾಕಿತ್ತು.

"ಇದೇನು ಗೌಡ್ರೇ, ಮದುವೆ ಅಡುಗೆ?"

ಮಾವ ಸೌಟು ಹಿಡಿದು ನಿಂತರು. "ನೀವೇ ಯೋಳಿದ್ರಲ್ಲಾ. ಒಂದ್ಸಲನಾ ಎರಡ್ಸಲನಾ, ಮಧ್ಯಾನದಿಂದ ನಲವತ್ತು ಜನ ನಿಂತ್ಕಂಡು ಬಡ್ಕಂಡ್ರಿ, ಅಕ್ಕಿ ಆರು, ಅಕ್ಕಿ ಆರು ಅಂತವ. ಒತ್ತಾಯ್ತು ಅಂತ ಬೇರೆ ಅವಸರ ಮಾಡುದ್ರಿ. ಆರು ಸೇರು ಆಕ್ಬುಟ್ಟೆ."

ಟೀಚರಮ್ಮ ಎಲೆಯ ಮುಂದೆ ಕೂತವರು ನಗುತ್ತಾ ಗೋಡೆಗೆ ಒರಗಿಬಿಟ್ಟರು. ಮಾರನೆಯ ದಿನ ಮೂರು ಹೊತ್ತೂ ಚಿತ್ರಾನ್ನ. ಆದರೆ ಅಲ್ಲಿಂದ ಮುಂದೆ ಅವರಿಗೆ ಒಂದು ಪರೀಕ್ಷೆ ಸಿಕ್ಕಿತು. ಹಾಡು ಮುಗಿದ ಕೂಡಲೇ ಅಡುಗೆಮನೆಯ ಕಡೆ ಗಲ್ಲ ಎತ್ತಿ ಕೂಗುವರು: "ಗೌಡ್ರೇ, ಏನು ಕೇಳಿಸ್ತು?"

"ಅಕ್ಕಿ, ಆರು!"

"ಇನ್ನೊಂದ್ಸಲ ಹಾಡ್ರಮ್ಮ."

"ಹ ಅನ್ನೋದು ಅಕ್ಷರ ಅಂತ ತಿಳ್ಕೋಬೇಡಿ" ಎನ್ನುತ್ತಿದ್ದರು. "ನಾಲಿಗೆ ಬೇಡ, ಹಲ್ಲು ಬೇಡ, ತುಟಿ ಬೇಡ. ಬರೀ ಉಸಿರು. ಉಸಿರಿಗೇ ಒಂದು ಅಕ್ಷರ ಮಾಡಿಕೊಟ್ಟಿದಾರೆ ನಮ್ಮ ಹಿರಿಯರು." ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹಕ್ಕಿ ಅನ್ನಬೇಕು, ಬೆಚ್ಚಗೆ ಗಾಳಿ ತಾಗಬೇಕು. ನಾವು ನಲವತ್ತು ಜನ ಮಾವಿನಮರದ ಕೆಳಗೆ ಅಂಗೈಗೆ ಹ ಹ ಅನ್ನುವುದನ್ನು ರಸ್ತೆಯಲ್ಲಿ ಹೋಗುವ ಬಸ್ಸಿನವರು ಇಣುಕಿ ನೋಡುವರು.

ಶುರುವಾದ ಮೂರನೇ ದಿನಕ್ಕೆ ಈ ಅಭ್ಯಾಸ ತಲೆಗೇರಿತು. ಎಲ್ಲಿ ಬೇಕೋ ಅಲ್ಲಿ ಹ ಬರದಿದ್ದರೂ ಬೇಡದ ಕಡೆಯೆಲ್ಲ ಬರತೊಡಗಿತು. ಮೆಡಿಕಲ್ ಸ್ಟೋರಿನವರು ಗಂಭೀರವಾಗಿ, "ಸ್ವಲ್ಪ ಹುಪ್ಪಿಟ್ಟು ಹಾಕಿ" ಅಂದರು. ಒಬ್ಬ ಅಜ್ಜಿ "ಹೆಲೆ ಎಲ್ಲಿ?" ಅಂತ ಬಾಳೆ ಎಲೆ ಹುಡುಕಿದರು. ಮಾವ ಹಣೆ ಚಚ್ಚಿಕೊಂಡರು. "ಏನ್ರವ್ವಾ ಇದು, ಉಪ್ಪಿಟ್ಟುಗೂ ಗಾಳಿ ತುಂಬ್ಬುಟ್ರಾ!"

ಟೀಚರಮ್ಮನದು ಎಲ್ಲ ಒಳ್ಳೆಯದೇ ಅಂತ ನಾನು ಹೇಳುವುದಿಲ್ಲ. ತಪ್ಪು ಸ್ವರ ಕೇಳಿದರೆ ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಿದ್ದರು, ಅದನ್ನು ಕಂಡವರು ರಾತ್ರಿ ಅತ್ತದ್ದೂ ಇದೆ. ಒಂದು ವರ್ಷ ಅದಕ್ಕಿಂತ ದೊಡ್ಡ ತಪ್ಪನ್ನೇ ಮಾಡಿದರು. ಹಾಲು ಬಂತು ಅಂತ ಹೇಳಲು ಮಾವ ನಾವು ಹಾಡುತ್ತಿದ್ದ ಕೋಣೆಯ ಬಾಗಿಲಿಗೆ ಬಂದು, "ಆಲು ಬಂದದೆ, ಈಗ್ಲೇ ಕಾಯ್ಸಿ ಆಕ್ಬುಡ್ಲಾ?" ಅಂದರು. ಅಭ್ಯಾಸದ ಮಧ್ಯೆ ಬಂದದ್ದಕ್ಕೆ ಸಿಟ್ಟೋ ಏನೋ, ಟೀಚರಮ್ಮ ನಮ್ಮ ಕಡೆ ತಿರುಗಿ ಅವರದೇ ರಾಗದಲ್ಲಿ, "ನೋಡಿ, ಇಂಗೆ ಆಡಬಾರ್ದು ಅಂತ ನಾನು ಯೋಳಿದ್ದು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕಮೇಲೆ ನನ್ನ ಭುಜದ ಮೇಲೆ ಆ ಮೇಷ್ಟ್ರ ಕೈ ತಟ್ಟಿದ ಹಾಗಾಯಿತು. ಮಾವ ತಿರುಗಿ ಅಡುಗೆಮನೆಗೆ ಹೋದರು.

ಮರುದಿನ ಬೆಳಿಗ್ಗೆ ಗಂಟೆ ಬಾರಿಸಲಿಲ್ಲ. ಬಿಸಿಲು ಕಿಟಕಿಯಿಂದ ಹಾಸಿಗೆಗೆ ಬಿದ್ದ ಮೇಲೆ ಎದ್ದೆವು. ನಾನು ನೀರಿಗೆ ಅಂತ ಅಡುಗೆಮನೆಗೆ ಹೋದರೆ, ಮಾವ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಟೀಚರಮ್ಮ ಎದುರಿಗೆ ಬರೀ ನೆಲದ ಮೇಲೆ ಕೂತಿದ್ದರು, ಅವರೂ ಅಕ್ಕಿ ಆರಿಸುತ್ತಿದ್ದರು.

"ತಪ್ಪು ಮಾಡ್ದೆ ಗೌಡ್ರೇ."

ಮಾವ ತಲೆ ಎತ್ತಲಿಲ್ಲ. "ನಮ್ಮಪ್ಪ ಸಾಯೋಗಂಟ ಇಂಗೇ ಮಾತಾಡ್ದ. ನಾಕೂರಿಗೆ ನ್ಯಾಯ ಯೋಳ್ದ. ಒಬ್ರೂವೆ, ನಿನ್ ಮಾತು ತಿಳೀನಿಲ್ಲ ಕಣಣ್ಣ ಅನ್ನಿಲ್ಲ."

ಆಮೇಲೆ ಟೀಚರಮ್ಮ ಎದ್ದು, ತಾವೇ ಹೋಗಿ ಗಂಟೆ ಬಾರಿಸಿದರು. ಎಷ್ಟು ಕೆಟ್ಟದಾಗಿ ಬಾರಿಸಿದರು ಅಂದರೆ ಮಾವ ತಡೆಯಲಾರದೆ ಹೊರಗೆ ಬಂದು ಸುತ್ತಿಗೆ ಕಿತ್ತುಕೊಂಡರು. "ಬುಡಿ ಅತ್ಲಾಗಿ. ಕಬ್ಬುಣಕ್ಕೂ ಒಂದು ಮರ್ಯಾದೆ ಅದೆ."

ಅವತ್ತು ಹಾಡಿಗೆ ಮುಂಚೆ ಅವರು ನಲವತ್ತು ಜನರ ಮುಂದೆ ಅಂದರು: "ಹಾಡಿನಲ್ಲಿ ಹ ಇದೆ, ಅದು ಹಾಡಿನದು, ಅದನ್ನ ಅದಕ್ಕೆ ಕೊಡಿ. ಮಾತಿನಲ್ಲಿ ನಾಲಿಗೆ ನಿಮ್ಮದು. ಅದರ ತಂಟೆಗೆ ನಾನು ಇನ್ನು ಬರಲ್ಲ." ಬರಲೂ ಇಲ್ಲ. ಆದರೆ ಗಲ್ಲ ಎತ್ತಿ ಏನು ಕೇಳಿಸ್ತು ಅನ್ನುವುದು, ಮಾವ ಅಕ್ಕಿ ಆರು ಅನ್ನುವುದು ನಿಲ್ಲಲಿಲ್ಲ. ಅದು ಅವರಿಬ್ಬರ ಆಟ. ನಾವು ಎಷ್ಟೇ ಸ್ಪಷ್ಟವಾಗಿ ಹಾಡಲಿ, ಮಾವ ಬೇಕಂತಲೇ ಅದನ್ನೇ ಹೇಳುವರು.

ಹೀಗೆ ಮೇ ತಿಂಗಳುಗಳು ಹೋದವು. ವರ್ಷವೆಲ್ಲ ಬ್ಲೌಸು ಹೊಲಿಯುವುದು, ಮೇ ಬಂದರೆ ಬೀಗ ಹಾಕಿ ಹೋಗುವುದು. ಗಿರಾಕಿಗಳು "ಎಲ್ಲಿಗೆ ಹೋಗ್ತೀಯಮ್ಮ ಈ ಮದುವೆ ಸೀಸನ್ನಲ್ಲಿ?" ಅಂತ ಬೈದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಈಗ ನೆನೆದರೆ, ಆ ಹತ್ತು ದಿನವೇ ವರ್ಷ, ಮಿಕ್ಕಿದ್ದು ಅದಕ್ಕೆ ಕಾಯುವುದು ಅನ್ನುವ ಹಾಗೆ ಬದುಕಿದೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಪಿಸುಗುಟ್ಟಬಹುದು, ಅಷ್ಟೇ. ಏಪ್ರಿಲ್‌ನಲ್ಲಿ ನಾನೂ ಗಂಟೆ ಮಾವನೂ ಅವರ ಮನೆಗೆ ಹೋದೆವು. ಕುತ್ತಿಗೆಗೆ ಸೆರಗು ಸುತ್ತಿಕೊಂಡು ಕೂತಿದ್ದರು. ಶಿಬಿರದ ಮಾತು ಎತ್ತಿದರೆ ಕೈ ಆಡಿಸಿಬಿಟ್ಟರು. ನಾವು ಹತ್ತಿರ ಬಾಗಿದರೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದರು: "ತುಟಿ ಆಡಿಸೋ ಟೀಚರ್ ಯಾರಿಗೆ ಬೇಕು?"

ಮಾವ ಜಗಲಿಯ ಕಂಬ ನೋಡುತ್ತಾ ಹೇಳಿದರು: "ನಾನು ಅತ್ತನೇ ತಾರೀಕು ಗಂಟೆ ಒಡೀತೀನಿ. ಬರೋರು ಬರ್ಬೋದು."

ಟೀಚರಮ್ಮ ಕುತ್ತಿಗೆಯ ಸೆರಗನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. ಅವರ ಹಳೇ ಶಿಷ್ಯೆ ಒಬ್ಬಳಿದ್ದಳು, ಹುಣಸೂರಿನಲ್ಲಿ ಸಂಗೀತದ ಟೀಚರು. ಮುಂದೆ ಅವಳು ನಿಲ್ಲಲಿ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಕೊನೇ ದಿನ ನಾನು ಸಾಲಲ್ಲಿ ನಿಲ್ತೀನಿ. ನಿನ್ನ ಪಕ್ಕ" ಅಂದರು.

ನನಗೆ ಕಣ್ಣು ತುಂಬಿತು. ಆದರೆ ಅವರ ಮಾತು ಇನ್ನೂ ಮುಗಿದಿರಲಿಲ್ಲ. ನನ್ನ ಮುಂಗೈ ಹಿಡಿದುಕೊಂಡರು. "ಒಂದು ಷರತ್ತು. ನೀನು ಉಸಿರು ತಗೋಬೇಕು. ಪಾಪ ಇವರ ಕೈಲಿ ಆಗಲ್ಲ ಅಂತ ಇಡೀ ಸಾಲು ನೀನೇ ಹಿಡಿದರೆ, ನನ್ನ ಕೈಲಿ ತುಟಿ ಆಡಿಸಿದ ಹಾಗೆ. ಜೋಡಿ ಅಂದರೆ ಜೋಡಿ. ಬಿಡ್ತೀಯಾ?"

"ಬಿಡ್ತೀನಿ ಟೀಚರಮ್ಮ" ಅಂದೆ. ಸುಳ್ಳು ಹೇಳಿದೆ. ಅಷ್ಟು ಜನರ ಮುಂದೆ ಅವರು ಬರೀ ಗಾಳಿಯಾಗಿ ನಿಲ್ಲುವ ಹಾಗೆ ನಾನು ಮಾಡುವುದೇ? ಆ ಒಂದು ತಿಂಗಳು ಅಂಗಡಿಯಲ್ಲಿ ಮಿಷನ್ ತುಳಿಯುತ್ತಾ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿದೆ. ಕೊನೆಯ ಸಾಲನ್ನು ಆ ಉದ್ದ ಸ್ವರದ ಸಮೇತ ಒಂದೇ ಉಸಿರಿನಲ್ಲಿ ದಾಟುವುದು ಅಂತ ತೀರ್ಮಾನಿಸಿದ್ದೆ.

ಅವರಿಗೆ ಹೊಸ ಬ್ಲೌಸು ಬೇಕಿತ್ತು, ಮೈ ಇಳಿದುಹೋಗಿತ್ತು. ಟೇಪು ಸುತ್ತಿದಾಗ ಅವರು ಮೊದಲಿನ ಹಾಗೇ ಉಸಿರು ಎಳೆದುಕೊಂಡರು. ಒಂದಿಂಚೂ ಸರಿಯಾಗಿ ಬರಲಿಲ್ಲ. ಆದರೂ ನಾನು ಪುಸ್ತಕದ ಅಂಕಿ ತಿದ್ದಲಿಲ್ಲ, ಎರಡಿಂಚು ಬಿಟ್ಟೇ ಹೊಲಿದೆ.

ಕೊನೆಯ ಸಂಜೆ ಹಾಸ್ಟೆಲಿನ ಅಂಗಳದಲ್ಲಿ ಮನೆಯವರು, ಊರವರು ಬಂದು ಜಮಖಾನೆಯ ಮೇಲೆ ಕೂತಿದ್ದರು. ಬಿಸಿಲು ಇಳಿದಿತ್ತು. ಮಾವ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದೇ ನಿಂತಿದ್ದರು. ಟೀಚರಮ್ಮ ಮುಂದೆ ಹೋಗದೆ ನನ್ನ ಎಡಕ್ಕೆ ಬಂದು ನಿಂತರು. ಅವರ ಮೊಣಕೈ ನನ್ನ ಮೊಣಕೈಗೆ ತಾಗಿತು. ಎಷ್ಟು ಸಣ್ಣ ಮೂಳೆ!

ಹಾಡು ಶುರುವಾಯಿತು. ಓರೆಗಣ್ಣಿನಲ್ಲಿ ನೋಡಿದರೆ ಅವರ ತುಟಿ ಆಡುತ್ತಿತ್ತು, ಸದ್ದು ಇರಲಿಲ್ಲ. ಎಲ್ಲ ಸಾಲೂ ದಾಟಿ ಕೊನೆಯದಕ್ಕೆ ಬಂದೆವು. ನಾನು ಎದೆ ತುಂಬ ಎಳೆದುಕೊಂಡು ಹೊರಟೆ. 'ಹೊತ್ತಾಯಿತು' ದಾಟಿತು. 'ಹಕ್ಕಿ' ದಾಟಿತು. ಇನ್ನು 'ಹಾರು' ಒಂದೇ, ಹಿಡಿದುಬಿಡುತ್ತೇನೆ ಅಂದುಕೊಂಡಾಗ ಎಡಗಡೆ ಏನೋ ಕಂಡಿತು. ಅವರ ಮೊಣಕೈ. ಮೈಯಿಂದ ಸ್ವಲ್ಪ ಹೊರಗೆ ಚಾಚಿಕೊಂಡು, ಅಲುಗದೆ, ಕಾಯುತ್ತಿತ್ತು. ನಾನು ಮುಟ್ಟಲಿ ಅಂತ. ಮೊದಲ ಸಾಲಿನಿಂದಲೂ ಹಾಗೇ ಚಾಚಿಕೊಂಡು ಕಾದಿದ್ದರೋ ಏನೋ, ನಾನು ನೋಡಿರಲಿಲ್ಲ.

ಮುಟ್ಟಿದೆ. ಬಿಟ್ಟೆ. ನನ್ನ ಸ್ವರ ನಿಂತಿತು.

ಆ ನಿಂತ ಜಾಗದಲ್ಲಿ ಪಕ್ಕದಿಂದ ಕೇಳಿಸಿತು. ಸ್ವರವಲ್ಲ. ಉಸಿರು. ಆದರೆ ಎಂಥ ಉಸಿರು! 'ಹಾ' ಅಂತ, ಬೆಚ್ಚಗೆ, ತುಂಬಿಕೊಂಡು, ಅಂಗೈ ಹಿಡಿದಿದ್ದರೆ ಸುಡುತ್ತಿತ್ತೇನೋ. ಅವರ 'ರು' ನನಗೆ ಕೇಳಿಸಲಿಲ್ಲ, ಅದಕ್ಕೆ ಸ್ವರ ಬೇಕು. ಆದರೆ ನಲವತ್ತು ಜನರ 'ಆರು'ವಿಗೆ ಮುಂಚೆ ಅವರ 'ಹ' ನಿಂತಿತು. ಇಡೀ ಸಾಲಿಗೆ ಅವರೊಬ್ಬರೇ ಅದನ್ನು ಒದಗಿಸಿದರು. ನಾನು ಉಸಿರು ತಗೊಂಡು ವಾಪಸ್ ಸೇರಿಕೊಂಡೆ. ಹಾಡು ಮುರಿದಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಟೀಚರಮ್ಮ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಗಲ್ಲ ಎತ್ತಿದರು. ಬಾಯಿಂದ ಕೇಳಲು ಆಗಲಿಲ್ಲ, ಗಲ್ಲವೇ ಕೇಳಿತು: ಏನು ಕೇಳಿಸ್ತು?

ನಾವೆಲ್ಲ ತಿರುಗಿ ನೋಡಿದೆವು. ಮಾವ ಬಿಸಿ ಮುದ್ದೆ ಬಾಯಿಗಿಟ್ಟುಕೊಂಡವರ ಹಾಗೆ ತುಟಿ ಒಂದೆರಡು ಸಲ ತೆರೆದು ಮುಚ್ಚಿದರು. ಎದೆ ಒಂದು ಸಲ ಏರಿತು.

"ಹಕ್ಕಿ," ಅಂದರು. "ಹಾರು." ಆಮೇಲೆ ನಾಚಿಕೊಂಡು, "ಅಂಗಂತ ಕೇಳುಸ್ತು ಕಣ್ರವ್ವಾ" ಅಂತ ಒಳಗೆ ಹೋಗಿಬಿಟ್ಟರು.

ಟೀಚರಮ್ಮ ನಕ್ಕರು. ಅವರ ನಗುವಿಗೂ ಆಗ ಸ್ವರ ಇರಲಿಲ್ಲ, ಬರೀ ಹ ಹ ಹ. ನನ್ನ ಮೊಣಕೈಯನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ದಸರಾ ಕಳೆದು ದೀಪಾವಳಿ ಬರುವುದರೊಳಗೆ ಅವರು ಹೋದರು. ಈ ಮೇ ತಿಂಗಳಿಗೆ ಗಂಟೆ ಹೊಡೆಯುತ್ತೇನೆ ಅಂತ ಮಾವ ಹೇಳಿ ಕಳಿಸಿದ್ದಾರೆ. ಬೀಗ ಹಾಕಿ ಹೋಗುತ್ತೇನೆ. ನನ್ನ ಎಡಗಡೆ ಈ ಸಲ ಯಾರನ್ನು ನಿಲ್ಲಿಸುತ್ತಾರೋ ಗೊತ್ತಿಲ್ಲ.

ಅವರ ಪುಟವನ್ನು ಹೊಸ ಪುಸ್ತಕಕ್ಕೆ ಇಳಿಸಿಕೊಂಡೆ. ಮೂವತ್ತನಾಲ್ಕು, ಪಕ್ಕದಲ್ಲಿ ಮೂವತ್ತಾರು. ಇನ್ನು ಆ ಅಳತೆಗೆ ಯಾರೂ ಬ್ಲೌಸು ಹೊಲಿಸುವುದಿಲ್ಲ ಅಂತ ನನಗೂ ಗೊತ್ತು. ಬರೆದು ಮುಗಿಸಿ ಮಿಷನ್ ಮುಂದೆ ಕೂತು ಹಾಡಿಕೊಂಡೆ, ಸೂಜಿ ಕಚ್ಚದೆ, ಬಾಯಿ ಬಿಟ್ಟೇ. ಕೊನೆಯ ಸಾಲನ್ನು ಈಗ ನಾನು ಒಂದೇ ಉಸಿರಿನಲ್ಲಿ ದಾಟಬಲ್ಲೆ, ಆ ಒಂದು ತಿಂಗಳು ಅಭ್ಯಾಸ ಮಾಡಿದ್ದೆನಲ್ಲ. ದಾಟುವುದಿಲ್ಲ. 'ಹಕ್ಕಿ' ಅಂದಮೇಲೆ ನಿಲ್ಲಿಸುತ್ತೇನೆ. ಎಡ ಮೊಣಕೈ ತಾನಾಗಿ ಪಕ್ಕಕ್ಕೆ ಸರಿಯುತ್ತದೆ.